ನನ್ನ ಕೈ ಎಟುಕುವಷ್ಟು ಎತ್ತರದ ಗೋಲು

ನಾನು ಚಿಕ್ಕವನಿದ್ದಾಗ ನಮ್ಮ ಫುಟ್‌ಬಾಲ್ ಗೋಲಿಗೆ ಬಲೆ ಇರಲಿಲ್ಲ, ಕಂಬ ಇರಲಿಲ್ಲ, ಮೇಲೆ ಅಡ್ಡಕಂಬಿಯೂ ಇರಲಿಲ್ಲ. ಆಗಿನ ವಿಜಯನಗರ ಬಡಾವಣೆಯಲ್ಲಿ ಮನೆಗಳಿಗಿಂತ ಸೈಟು ಕಲ್ಲುಗಳೇ ಹೆಚ್ಚು. ನಮ್ಮ ಮನೆಯ ಎದುರಿಗೆ ಎಂಟು ಹತ್ತು ಸೈಟುಗಳು ಖಾಲಿ ಬಿದ್ದಿದ್ದವು. ಎಲ್ಲಿ ನೋಡಿದರೂ ಕೆಂಪು ಮಣ್ಣು, ನಡುನಡುವೆ ಜಾಲಿ ಗಿಡ, ಒಂದು ಮೂಲೆಯಲ್ಲಿ ಯಾರೋ ಮನೆ ಕಟ್ಟಿಸಲು ತರಿಸಿ ಹಾಗೇ ಬಿಟ್ಟಿದ್ದ ಜಲ್ಲಿಯ ಗುಡ್ಡೆ. ಅಲ್ಲಿದ್ದ ಒಂದು ಸೈಟು ಕಲ್ಲು ನಮ್ಮ ಗೋಲಿನ ಒಂದು ಕಂಬ. ಅಲ್ಲಿಂದ ಎಂಟು ಹೆಜ್ಜೆ ಅಳೆದು ನಾಲ್ಕು ಇಟ್ಟಿಗೆ ಪೇರಿಸಿದರೆ ಇನ್ನೊಂದು ಕಂಬ.

ಎತ್ತರದ ಲೆಕ್ಕಕ್ಕೆ ನಾವೇ ಒಂದು ನಿಯಮ ಮಾಡಿಕೊಂಡಿದ್ದೆವು. ಚೆಂಡು ಬರುವಾಗ ಕೀಪರ್ ನಿಂತಲ್ಲೇ ಕೈ ಎತ್ತಬೇಕು. ಅವನ ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೋ ಅದೇ ಅಡ್ಡಕಂಬಿ. ಚೆಂಡು ಅದಕ್ಕಿಂತ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಔಟು. ಅದನ್ನು ಹೇಳುವವನೂ ಕೀಪರನೇ. ಬೇರೆ ಎಲ್ಲದಕ್ಕೂ ಕಿತ್ತಾಡುತ್ತಿದ್ದ ನಮ್ಮ ಬೀದಿಯ ಹುಡುಗರು ಈ ಒಂದು ವಿಷಯದಲ್ಲಿ ಮಾತ್ರ ಕೀಪರನ ಮಾತಿಗೆ ಎದುರಾಡುತ್ತಿರಲಿಲ್ಲ. ಯಾಕೆಂದರೆ ಒಂದು ಸಲ ಅನುಮಾನ ಶುರುವಾದರೆ ಆಟವೇ ನಿಂತುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಬೀದಿಯ ಕೀಪರ್ ನಾನು. ಮೊದಲೇನೂ ಹಾಗಿರಲಿಲ್ಲ. ನನಗೆ ಹನ್ನೊಂದು ತುಂಬುವವರೆಗೆ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವನು ನಾನೇ. ಆಮೇಲೆ ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಆಡುವುದಕ್ಕೆ ಬಂದ. ಬಂದವನು ಮೂರೇ ವಾರದಲ್ಲಿ ನನ್ನ ಜಾಗ ಕಿತ್ತುಕೊಂಡ. ಅಪ್ಪ ಒಂದು ದಿನ ಕಾರ್ಖಾನೆಯಿಂದ ಬಂದವರು ಸೈಕಲ್ ಹಿಡಿದುಕೊಂಡೇ ನಮ್ಮ ಆಟ ನೋಡಿದರು. ನೋಡಿ, ನೀನು ಎತ್ತರ ಇದ್ದೀಯ, ಹಿಂದೆ ಹೋಗಿ ನಿಂತುಕೋ ಎಂದು ನನಗೆ ಹೇಳಿದರು. ತಮ್ಮನಿಗೆ ಏನೂ ಹೇಳಲಿಲ್ಲ, ಅವನ ತಲೆ ಸವರಿದರು. ಆವತ್ತಿನಿಂದ ನನ್ನ ಹೊಟ್ಟೆಯೊಳಗೆ ಒಂದು ಕೆಂಡ ಕೂತಿತು. ಅವನು ಗೋಲು ಹೊಡೆದಾಗಲೆಲ್ಲ ಅದಕ್ಕೆ ಗಾಳಿ ಬೀಸಿದ ಹಾಗಾಗುತ್ತಿತ್ತು.

ನಾನು ಹೇಳಲು ಹೊರಟಿರುವುದು ಅವರೆಕಾಯಿ ಕಾಲದ ಒಂದು ಭಾನುವಾರದ ಮಾತು. ಹಿಂದಿನ ಸಂಜೆ ಅಪ್ಪ ಒಂದು ಸುದ್ದಿ ತಂದಿದ್ದರು. ಅವರ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುವವರೊಬ್ಬರು ಇದ್ದರು. ನಾವು ಅವರನ್ನು ಮಾಮ ಎನ್ನುತ್ತಿದ್ದೆವು. ಮಾಮ ಪ್ರತಿ ಭಾನುವಾರ ಕಾರ್ಖಾನೆಯ ಮೈದಾನದಲ್ಲಿ ಒಂದಷ್ಟು ಹುಡುಗರಿಗೆ ಆಟ ಹೇಳಿಕೊಡುತ್ತಿದ್ದರು. ಅಲ್ಲಿ ಗೋಲು ಹೊಡೆಯುವ ಒಬ್ಬ ಹುಡುಗನ ಜಾಗ ಖಾಲಿಯಾಗಿತ್ತು. ಅಪ್ಪ ತಮ್ಮನ ಬಗ್ಗೆ ಹೇಳಿದ್ದರಂತೆ, ಮಾಮ ಬಂದು ನೋಡುತ್ತೇನೆ ಎಂದಿದ್ದರಂತೆ. ನನ್ನ ಹೆಸರು ಆ ಮಾತಿನಲ್ಲಿ ಎಲ್ಲಿಯಾದರೂ ಬಂತೇ ಎಂದು ಕೇಳಬೇಕೆನಿಸಿತು. ರಾತ್ರಿ ಊಟಕ್ಕೆ ಅಮ್ಮ ತಮ್ಮನ ಮುದ್ದೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಮಾಮ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಅವರ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಜೊತೆ ಫುಟ್‌ಬಾಲ್ ಬೂಟು ತೂಗುಹಾಕಿತ್ತು. ಕಂದು ಚರ್ಮದ ಹಳೆಯ ಬೂಟು. ಅಡಿಯಲ್ಲಿ ಚರ್ಮದ ಗುಬುಟುಗಳನ್ನು ಮೊಳೆ ಹೊಡೆದು ಕೂರಿಸಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಬರಿಗಾಲಲ್ಲಿ ಆಡುವವರೇ. ನಾನು ಆ ಬೂಟನ್ನೂ ತಮ್ಮನ ಕಾಲನ್ನೂ ನೋಡಿದೆ. ಅದು ಅವನಿಗೆ ದೊಡ್ಡದು, ನನಗೆ ಸರಿಯಾದ ಅಳತೆ.

ಅಪ್ಪ ತಮ್ಮನ ಗುಣಗಾನ ಶುರುಮಾಡಿದರು. ಮಾಮ ಅವರನ್ನು ಅರ್ಧಕ್ಕೇ ತಡೆದರು.

"ಈ ವಯಸ್ಸಲ್ಲಿ ಎಲ್ಲಾ ಹುಡುಗ್ರೂ ಒಂದಿನ ಗೋಲ್ ಹೊಡೀತಾರೆ ಕಣಪ್ಪ. ದಿನಾ ಹೊಡೆಯೋನು ಬೇಕು ನಂಗೆ. ಅಂಥವನಾಗ್ತಾನಾ ಇವನು, ಅದನ್ನ ನೋಡ್ಬೇಕು."

ಅದಕ್ಕೆ ಅವರೇ ಪರೀಕ್ಷೆ ಹೇಳಿದರು. ಹತ್ತು ಸಲ ಹೊಡೆಯಬೇಕು, ಅದರಲ್ಲಿ ಐದು ಗೋಲಾಗಬೇಕು. ಆದರೆ ಬೂಟು ಅವನದು, ಮುಂದಿನ ಭಾನುವಾರದಿಂದ ಮೈದಾನಕ್ಕೆ ಬರಬಹುದು. ಗೋಲಿನಲ್ಲಿ ನಿಲ್ಲಬೇಕಾದವನು ನಾನು. ನಮ್ಮ ಕೈ ಎತ್ತುವ ನಿಯಮವನ್ನು ಅಪ್ಪ ವಿವರಿಸಿದಾಗ ಮಾಮ ನಕ್ಕು ನನ್ನ ಕಡೆ ನೋಡಿ, ಹಾಗಾದರೆ ನೀನೇ ಅಂಪೈರು ಎಂದರು. ಅವರಿಬ್ಬರೂ ತಮ್ಮನ ಬೆನ್ನ ಹಿಂದೆ, ದೂರದಲ್ಲಿ ಜಲ್ಲಿ ಗುಡ್ಡೆಯ ಪಕ್ಕ ನಿಂತರು. ನಮ್ಮ ಮನೆಯ ಜಗಲಿ ಮಾತ್ರ ಗೋಲಿನ ಪಕ್ಕಕ್ಕೇ ಇತ್ತು. ಅಕ್ಕ ಅಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದಳು. ಸೊಗಡಿನ ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು.

ಆಗಿನ ಚೆಂಡು ಚರ್ಮದ್ದು. ಒಳಗೆ ಬ್ಲಾಡರ್, ಹೊರಗೆ ಬೂಟಿನ ಹಾಗೆ ಲೇಸು. ಲೇಸಿನ ಕಡೆ ತಗುಲಿದರೆ ಮೈಮೇಲೆ ಬರೆ ಏಳುತ್ತಿತ್ತು. ತಮ್ಮ ಮೊದಲನೆಯದನ್ನು ನನ್ನ ಎಡಗೈ ಕಡೆ ಹೊಡೆದ. ನಾನು ನಿಜವಾಗಿಯೂ ಹಿಡಿಯಲು ಹೋದೆ, ಸಿಗಲಿಲ್ಲ. ಗೋಲು ಎಂದೆ. ಅಪ್ಪ ಚಪ್ಪಾಳೆ ತಟ್ಟಿದರು. ನಾನು ಎಷ್ಟು ಸಲ ಎಷ್ಟು ಚೆಂಡು ಹಿಡಿದಿದ್ದರೂ ಅಪ್ಪ ಆ ಥರ ಚಪ್ಪಾಳೆ ತಟ್ಟಿದ್ದು ನನಗೆ ನೆನಪಿರಲಿಲ್ಲ.

ಎರಡನೆಯದು ಮೇಲಕ್ಕೆ ಬಂತು. ತಮ್ಮನಿಗೆ ಮೇಲೆ ಹೊಡೆಯುವುದೆಂದರೆ ಇಷ್ಟ, ನೋಡುವುದಕ್ಕೆ ಅದು ಚೆನ್ನಾಗಿರುತ್ತಿತ್ತು. ನಾನು ನೆಟ್ಟಗೆ ನಿಂತು ಕೈ ಎತ್ತಿದ್ದರೆ ಚೆಂಡು ನನ್ನ ಬೆರಳಿಗಿಂತ ಒಂದು ಗೇಣು ಕೆಳಗೇ ಹೋಗುತ್ತಿತ್ತು. ಆದರೆ ನಾನು ನೆಟ್ಟಗೆ ನಿಲ್ಲಲಿಲ್ಲ. ಮಂಡಿಯನ್ನು ಸ್ವಲ್ಪ ಬಗ್ಗಿಸಿದೆ, ಮೊಣಕೈಯನ್ನೂ ಸ್ವಲ್ಪ ಬಗ್ಗಿಸಿದೆ. ಬೆಳೆಯುವ ಹುಡುಗ ಎಂದು ಅಮ್ಮ ಹೊಲಿಸಿದ್ದ ದೊಗಳೆ ಚಡ್ಡಿ ಮಂಡಿಯವರೆಗೂ ಮುಚ್ಚುತ್ತಿತ್ತು, ಎದುರಿನಿಂದ ನೋಡಿದವರಿಗೆ ಏನೂ ಕಾಣುವಂತಿರಲಿಲ್ಲ. ಚೆಂಡು ನನ್ನ ಬೆರಳ ಮೇಲಿಂದ ಹಾದುಹೋಯಿತು. ಎಟುಕಲಿಲ್ಲ, ಔಟು ಎಂದು ಕೂಗಿದೆ.

ಮೊದಲೇ ಯೋಚಿಸಿ ಮಾಡಿದ್ದಲ್ಲ ಅದು. ಮಕ್ಕಳೇ, ಹಾಗೆಂದು ನಾನು ತಪ್ಪಿಸಿಕೊಳ್ಳುತ್ತಿಲ್ಲ. ಮೂರನೆಯದಕ್ಕೆ ಮತ್ತೆ ಮಂಡಿ ಬಗ್ಗಿಸಿದಾಗ ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯದಕ್ಕೂ ಗೊತ್ತಿತ್ತು. ಎರಡನ್ನೂ ಔಟು ಎಂದೆ. ಅಪ್ಪನ ಮುಖ ಸಪ್ಪಗಾಯಿತು. ಮಾಮ ಸೈಕಲ್ ಕಡೆ ತಿರುಗಿ ನೋಡಿದರು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತು ಎಂದರೆ, ಆ ಖುಷಿಗೇ ಹೆದರಿ ಬೆವರಿದೆ.

ಚೆಂಡು ಜಾಲಿ ಗಿಡದ ಬುಡಕ್ಕೆ ಉರುಳಿತ್ತು. ಅದನ್ನು ತರಲು ತಮ್ಮ ನನ್ನ ಪಕ್ಕದಲ್ಲೇ ಹಾದುಹೋದ. ಹೋಗುವಾಗ ಒಂದು ಕ್ಷಣ ನಿಂತ. ನನ್ನ ಮುಖ ನೋಡಲಿಲ್ಲ, ಚಡ್ಡಿಯ ಅಂಚು ನೋಡಿದ. ಆಮೇಲೆ ಚೆಂಡನ್ನು ಅಂಗಿಗೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋದ.

ಐದನೆಯದನ್ನು ಅವನು ನೆಲಕ್ಕೆ ಹೊಡೆದ. ಅಭ್ಯಾಸವಿಲ್ಲದ ಹೊಡೆತ, ಸೈಟು ಕಲ್ಲಿಗೆ ಬಡಿದು ಆಚೆ ಹೋಯಿತು. ಆರನೆಯದು ಅದೇ ಕಲ್ಲಿನ ಒಳಮಗ್ಗುಲಿಗೆ ಉಜ್ಜಿಕೊಂಡು ಒಳಗೆ ನುಗ್ಗಿತು. ಏಳನೆಯದು ಇಟ್ಟಿಗೆಯ ಬುಡದಲ್ಲಿ ಹೋಯಿತು. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಎತ್ತರದ ಲೆಕ್ಕವೇ ಇಲ್ಲವಲ್ಲ, ನಾನೇನು ಹೇಳಲಿ? ಎಂಟನೆಯದನ್ನು ಕಾಲು ಚಾಚಿ ತಡೆದೆ. ಒಂಬತ್ತನೆಯದು ನನ್ನ ಎರಡೂ ಕಾಲುಗಳ ನಡುವೆ ಹೋಯಿತು. ಅಲ್ಲಿಗೆ ನಾಲ್ಕು ಗೋಲು, ಉಳಿದದ್ದು ಒಂದು ಹೊಡೆತ.

ಆ ಕೊನೆಯದಕ್ಕೆ ನಾನು ಮೋಸ ಮಾಡಲಿಲ್ಲ. ಮಾಡುವುದಕ್ಕೆ ದಾರಿಯೇ ಇರಲಿಲ್ಲ ಎನ್ನಿ. ಅವನು ಬಲಗಡೆ ನೆಲಕ್ಕೆ ಹೊಡೆದ, ನಾನು ಇಡೀ ಮೈಯನ್ನು ಎಸೆದೆ. ಮೊಣಕೈ ತರಚಿತು, ಬಾಯಿಗೆಲ್ಲ ಕೆಂಪು ಮಣ್ಣು. ಚೆಂಡಿನ ಲೇಸು ನನ್ನ ಬೆರಳ ತುದಿಗೆ ತಗುಲಿದ್ದು ಈಗಲೂ ನೆನಪಿದೆ. ತಗುಲಿದರೂ ಅದು ನಿಲ್ಲಲಿಲ್ಲ.

ಮಾಮ ಓಡಿ ಬಂದು ತಮ್ಮನ ಭುಜ ಹಿಡಿದುಕೊಂಡರು. ಅಪ್ಪನಿಗೆ ಅವರು ಹೇಳಿದ್ದನ್ನು ನಾನು ಮಣ್ಣಿನಲ್ಲಿ ಬಿದ್ದುಕೊಂಡೇ ಕೇಳಿಸಿಕೊಂಡೆ.

"ಮೇಲೆ ಹೊಡೆದು ಶೋಕಿ ಮಾಡೋ ಹುಡುಗ್ರು ನೂರು ಜನ ಸಿಗ್ತಾರೆ. ಇವನು ಆಗ್ತಿಲ್ಲ ಅಂತ ಗೊತ್ತಾದ ತಕ್ಷಣ ಕೆಳಗೆ ಹೊಡೆಯೋದು ಕಲ್ತ, ಅದೂ ಯಾರೂ ಹೇಳದೆ. ಇಂಥವನು ದಿನಾ ಗೋಲ್ ಹೊಡೀತಾನೆ. ಬರ್ಕೊ."

ಹೀಗೆ ತಪ್ಪಿಸಲು ಹೋಗಿ, ಬೂಟಿನ ಜೊತೆಗೆ ಮಾಮನ ಆ ಮಾತನ್ನೂ ನನ್ನ ಕೈಯಾರೆ ಅವನಿಗೆ ಕೊಡಿಸಿದ ಹಾಗಾಯಿತು. ಆ ಮೂರನ್ನು ಗೋಲು ಎಂದಿದ್ದರೆ ಅವನು ಹತ್ತನ್ನೂ ಮೇಲೆಯೇ ಹೊಡೆಯುತ್ತಿದ್ದ. ಐದು ಗೋಲಾಗಿ ಬೂಟು ಸಿಕ್ಕರೂ, ಮಾಮ ಅವನನ್ನು ಆ ನೂರು ಜನರಲ್ಲಿ ಒಬ್ಬ ಎಂದುಕೊಳ್ಳುತ್ತಿದ್ದರೋ ಏನೋ. ಅಪ್ಪ ನನ್ನನ್ನು ಎಬ್ಬಿಸಿ, ನೀನೂ ಚೆನ್ನಾಗಿ ಹಿಡಿದೆ ಎಂದರು. ಆ 'ನೀನೂ' ನನಗೆ ತರಚಿದ ಗಾಯಕ್ಕಿಂತ ಉರಿಯಿತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬೂಟನ್ನು ಹಾಕಿ ನೋಡಿದೆ. ಹೇಳಿ ಮಾಡಿಸಿದ ಹಾಗಿತ್ತು.

ಸಂಜೆ ಅಡುಗೆಮನೆಯಲ್ಲಿ ಅಕ್ಕ ನನ್ನನ್ನು ಕರೆದಳು. ಮೇಲಿನ ಹಲಗೆಯಲ್ಲಿದ್ದ ಹುರಿಗಡಲೆ ಡಬ್ಬ ತೆಗೆದುಕೊಡು ಎಂದಳು. ಅವಳು ನನಗಿಂತ ಕುಳ್ಳಿ, ಆ ಹಲಗೆಯಿಂದ ಏನು ತೆಗೆಯಬೇಕಾದರೂ ನನ್ನನ್ನೇ ಕರೆಯುತ್ತಿದ್ದಳು. ನಾನು ಯೋಚಿಸದೆ ಕೈ ಚಾಚಿ ಡಬ್ಬ ಇಳಿಸಿದೆ. ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ.

"ಬೆಳಿಗ್ಗೆ ಮೂರು ಸಲ ಎಟುಕದೇ ಇದ್ದ ಕೈ, ಈಗ ಹೆಂಗೋ ಎಟುಕ್ತು?" ಎಂದಳು.

ಜಗಲಿ ಗೋಲಿನ ಪಕ್ಕಕ್ಕಿತ್ತು ಎಂದು ಹೇಳಿದೆನಲ್ಲ. ಪಕ್ಕದಿಂದ ನೋಡಿದವರಿಗೆ ಬಗ್ಗಿದ ಮಂಡಿ ಕಾಣಿಸದೆ ಇರುತ್ತದೆಯೇ? ತಮ್ಮ ಹೊಸ್ತಿಲ ಹತ್ತಿರ ಕೂತು ಬೂಟಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ದೊಡ್ಡದಾದ ಬೂಟಿನ ಮುಂಭಾಗಕ್ಕೆ ತುರುಕಲು ಹಳೆಯ ಬಟ್ಟೆ ಹರಿದಿಟ್ಟುಕೊಂಡಿದ್ದ. ತಲೆ ಎತ್ತದೆಯೇ ಹೇಳಿದ.

"ಬಿಡಕ್ಕ. ನಂಗೂ ಗೊತ್ತು."

ಗೊತ್ತಿದ್ದರೆ ಮಾಮನಿಗೆ ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ತಪ್ಪು ಮಾಡಿದವನು ನಾನು, ರೇಗಿದವನೂ ನಾನೇ.

"ಹೇಳಿದ್ರೆ ನಿನ್ನ ಮಾತನ್ನ ಬೀದೀಲಿ ಇನ್ಯಾರೂ ನಂಬ್ತಿರಲಿಲ್ಲ. ನಿನ್ನ ಕೀಪರ್ ಮಾಡ್ತಿರಲಿಲ್ಲ. ಆಮೇಲೆ ನಾನು ಯಾರಿಗೆ ಹೊಡೀಲೋ?"

ಅಲ್ಲಿಯವರೆಗೆ ನನಗೆ ಅವನ ಕಾಲಿನ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಆವತ್ತು ಸಂಜೆ ಅವನ ಮನಸ್ಸಿನ ಮೇಲೂ ಹುಟ್ಟಿತು. ಕ್ಷಮಿಸು ಎನ್ನಬೇಕಿತ್ತು. ನಾನು ಹುರಿಗಡಲೆ ಡಬ್ಬವನ್ನು ಠಪ್ಪನೆ ಇಟ್ಟು ಹೊರಗೆ ಹೋದೆ. ಅಕ್ಕ ಈ ವಿಷಯವನ್ನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ. ಮಾಮನ ಮಾತು ಮಾತ್ರ ನಿಜವಾಯಿತು. ತಮ್ಮ ದೊಡ್ಡವನಾದ ಮೇಲೆ ಅಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿ ಅವರ ತಂಡಕ್ಕೆ ಬಹಳ ವರ್ಷ ಆಡಿದ. ಕಣ್ಣಿಗೆ ಹಬ್ಬವಾಗುವ ಗೋಲುಗಳೇನಲ್ಲ. ನೆಲಕ್ಕೆ, ಮೂಲೆಗೆ, ಸದ್ದಿಲ್ಲದೆ. ಬರಿಗೈಯಲ್ಲಿ ಬರುವುದು ಅವನಿಗೆ ಅಪರೂಪ.

ಈಗ ಆ ಸೈಟುಗಳಲ್ಲೆಲ್ಲ ನಾಲ್ಕಂತಸ್ತಿನ ಮನೆಗಳಿವೆ, ಮೇನ್ ರೋಡಿನ ಮೇಲೆ ಮೆಟ್ರೋ ಓಡುತ್ತದೆ. ನೀವು ಆಡುವುದಕ್ಕೆ ಉಲ್ಲಾಳದವರೆಗೆ ಹೋಗುತ್ತೀರಿ. ಹಸಿರು ಹಾಸಿನ ಟರ್ಫು, ಸುತ್ತ ಬಲೆ, ನಿಮ್ಮ ನಿಮ್ಮ ಅಳತೆಯ ಬೂಟು. ಗೋಲಿಗೆ ಕಬ್ಬಿಣದ ಅಡ್ಡಕಂಬಿ. ಅದಕ್ಕೆ ತಮ್ಮನೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಯಾರು ಹೊಡೆದರೂ ಅದು ಅಷ್ಟೇ ಎತ್ತರ ಇರುತ್ತದೆ. ನಿಮ್ಮ ಆಟ ನೋಡುವಾಗ ನಾನು ಚೆಂಡಿಗಿಂತ ಹೆಚ್ಚಾಗಿ ಆ ಕಂಬಿಯನ್ನೇ ನೋಡುತ್ತೇನೆ.

ಕಳೆದ ಭಾನುವಾರ ಪುಟ್ಟಿ ಹೊಡೆದ ಮೂರೂ ಚೆಂಡು ಆ ಕಂಬಿಗೆ ಬಡಿದು ವಾಪಸು ಬಂದವು. ಅವಳ ಅಣ್ಣ ಅಷ್ಟರಲ್ಲಿ ಎರಡು ಗೋಲು ಹೊಡೆದಿದ್ದ. ಅವಳು ಮುಖ ಊದಿಸಿಕೊಂಡು ನನ್ನ ಪಕ್ಕ ಬಂದು ಕೂತಳು. ಆ ಮುಖ ನನಗೆ ಗೊತ್ತು, ಅದು ನನ್ನದೇ. ನನ್ನ ತಮ್ಮ, ಅಂದರೆ ನಿಮ್ಮ ಚಿಕ್ಕತಾತ, ಅವಳನ್ನು ಎಬ್ಬಿಸಿಕೊಂಡು ಹೋಗಿ ನೆಲಕ್ಕೆ ಹೊಡೆಯುವುದನ್ನು ತೋರಿಸಿದ. ಐದನೆಯ ಸಲಕ್ಕೆ ಚೆಂಡು ಮೂಲೆಗೆ ಹೋಯಿತು. ಇದನ್ನು ನಿಮಗೆ ಯಾರು ಕಲಿಸಿದರು ಎಂದು ಅವಳು ಕೇಳಿದಳು. ಅವನು ನನ್ನ ಕಡೆ ಬೆರಳು ತೋರಿಸಿದ.

"ನಮ್ಮಣ್ಣ. ಒಂದೇ ಬೆಳಿಗ್ಗೆ ಕಲಿಸಿಬಿಟ್ಟ."

ಹಾಗೆನ್ನುವಾಗ ಅವನ ಮುಖದಲ್ಲಿ ಕುಚೋದ್ಯ ಹುಡುಕಿದೆ, ಇರಲಿಲ್ಲ. ನೀವೆಲ್ಲ ತಿರುಗಿ ನನ್ನನ್ನು ನೋಡಿದಿರಿ. ಹೌದಾ ತಾತ ಎಂದಿರಿ. ನಾನು ಹೌದೆಂದು ತಲೆಯಾಡಿಸಿದೆ.

ಚಿಕ್ಕವನಿದ್ದಾಗ ಹೇಳಿದ್ದು ಮೂರು ಸುಳ್ಳು, ಹೀಗೆ ತಲೆಯಾಡಿಸಿದ್ದು ನಾಲ್ಕನೆಯದು. ಇದಾದರೂ ನಿಮಗೆ ಗೊತ್ತಿರಲಿ ಎಂದು ಇಷ್ಟೆಲ್ಲ ಬರೆದೆ. ಮೊದಲು ಚಿಕ್ಕತಾತನಿಗೆ ಓದಿ ಹೇಳಿ.