ಅಪ್ಪನ ಗಡಿಯಾರಕ್ಕೊಂದು ಪೆಟ್ಟಿಗೆ

ಅಪ್ಪ ತೀರಿಕೊಂಡ ಮೇಲೆ ಶ್ರೀನಿವಾಸಪುರದ ರೈಲ್ವೆ ಮನೆ ಖಾಲಿ ಮಾಡಬೇಕಾಯಿತು. ಅಲ್ಲಿನ ಚಿಕ್ಕ ಸ್ಟೇಷನ್ನಿಗೆ ಅವರು ಮಾಸ್ತರರಾಗಿದ್ದರು. ನಾನು ಆಗ ಮುಳಬಾಗಿಲಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಮದುವೆಯಾದ ಮರುವರ್ಷವೇ ನಮ್ಮವರು ತೀರಿಕೊಂಡಿದ್ದರು. ನೆಂಟರೆಲ್ಲ ಬೇಡವೆಂದರೂ ಅಪ್ಪ ಹಟ ಹಿಡಿದು ನನ್ನನ್ನು ಓದಿಸಿ ಆ ಕೆಲಸಕ್ಕೆ ಹಚ್ಚಿದ್ದರು. ಹಾಗಾಗಿ ಅಮ್ಮ ನನ್ನ ಜೊತೆಗೆ ಬಂದಳು. ಸಾಮಾನು ಎತ್ತಿನ ಗಾಡಿಯಲ್ಲಿ ಬಂತು. ಅಪ್ಪನ ಜೇಬಿನ ಗಡಿಯಾರವನ್ನು ಮಾತ್ರ ಅಮ್ಮ ಸೆರಗಿನಲ್ಲಿ ಗಂಟು ಹಾಕಿ ತಂದಳು. ತಂದವಳೇ ಬಿಸಿ ಪಾತ್ರೆ ಇಳಿಸಿದ ಹಾಗೆ ನನ್ನ ಮೇಜಿನ ಮೇಲಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು.

ಅದು ಬೆಳ್ಳಿಯ ಮುಚ್ಚಳದ ಗಡಿಯಾರ. ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ನೆಲದ ಮೇಲೆ ಗೋಡೆಗೆ ಒರಗಿ ಕೂತು, ಎಡಗೈಯಲ್ಲಿ ಅದನ್ನು ಹಿಡಿದು ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿ ಕೀ ಕೊಡುತ್ತಿದ್ದರು. ಕಿವಿಗೆ ಹಿಡಿದು ಕೇಳಿ, ಗಂಟಲಲ್ಲಿ ಸಣ್ಣಗೆ ಕೆಮ್ಮಿ, ಜೇಬಿಗೆ ಹಾಕುತ್ತಿದ್ದರು. ಆ ಗಡಿಯಾರವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅಮ್ಮನಿಗಂತೂ ಗಡಿಯಾರ ನೋಡುವುದಕ್ಕೇ ಬರುತ್ತಿರಲಿಲ್ಲ. ಅವಳ ಹೊತ್ತೆಲ್ಲ ರೈಲಿನ ಕೂಗಿನ ಮೇಲೆ ಮತ್ತು ಅಂಗಳದ ನೆರಳಿನ ಮೇಲೆ ನಡೆಯುತ್ತಿತ್ತು.

ಅಪ್ಪ ಹೋದ ಮಾರನೆಯ ದಿನ ಗಡಿಯಾರ ತಾನಾಗಿ ನಿಂತಿತ್ತು. ನಾನು ಅದಕ್ಕೆ ಕೀ ಕೊಡಲಿಲ್ಲ. ಕೊಡಬೇಕು ಅನ್ನಿಸಲೂ ಇಲ್ಲ. ಮನೆಯಲ್ಲಿದ್ದ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಗೋಡೆಯ ಬೀರುವಿಗೆ ಸೇರಿಸಿದೆ.

ಮಳೆಗಾಲ ಹಿಡಿದಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸುತ್ತಿದ್ದೆ. ಅಮ್ಮ ನಡುಮನೆಯಲ್ಲಿ ಕೈಯಲ್ಲಿ ದೀಪ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

"ಏನಮ್ಮಾ?" ಅಂದೆ.

"ಕೇಳು. ನಿಮ್ಮಪ್ಪ ಪ್ಲಾಟ್‌ಫಾರಂ ಮೇಲೆ ಓಡಾಡ್ತಾ ಇದಾರೆ ಕಣೇ," ಅಂದಳು.

ಕೇಳಿದೆ. ತಗಡಿನ ಮೇಲೆ ಉಗುರಿನಿಂದ ಬಡಿದ ಹಾಗೆ, ಒಂದೇ ಸಮನೆ ಸದ್ದು ಬರುತ್ತಿತ್ತು. ಬೀರು ತೆಗೆದು ಡಬ್ಬಿ ಬಿಚ್ಚಿದೆ. ಗಡಿಯಾರ ನಡೆಯುತ್ತಿತ್ತು. ಡಬ್ಬಿಯನ್ನು ಯಾರೋ ಅಲುಗಾಡಿಸಿರಬೇಕು, ಒಳಗೆ ಉಳಿದಿದ್ದ ಒಂದಿಷ್ಟು ಕೀ ಬಿಟ್ಟುಕೊಂಡಿರಬೇಕು ಅಂದುಕೊಂಡೆ. ಆಮೇಲೆ ಮುಳ್ಳುಗಳ ಕಡೆ ನೋಡಿದೆ. ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು. ಮಾರನೆಯ ದಿನ ಶಾಲೆಯ ಗೋಡೆ ಗಡಿಯಾರಕ್ಕೆ ಹೋಲಿಸಿ ನೋಡಿದೆ, ವ್ಯತ್ಯಾಸವೇ ಇರಲಿಲ್ಲ.

"ನೀನೇನಾದ್ರೂ ಮುಟ್ಟಿದ್ಯಾ?" ಎಂದು ಅಮ್ಮನನ್ನು ಕೇಳಿದೆ.

"ಅಯ್ಯೋ, ನಾನ್ಯಾಕೆ ಮುಟ್ಲಿ? ಅದನ್ನ ಕಂಡ್ರೆ ನಂಗೆ ಭಯ," ಅಂದಳು. ಅಮ್ಮ ಸುಳ್ಳು ಹೇಳುವವಳಲ್ಲ. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಗಡಿಯಾರ ನಿಲ್ಲಲಿಲ್ಲ. ಮುಂದಿನ ವಾರವೂ ನಡೆದೇ ಇತ್ತು. ಮುಚ್ಚಳದ ಕೀಲಿನ ಹತ್ತಿರ ತುಕ್ಕಿನ ಬಣ್ಣ ಕಂಡಿತು. ಅದನ್ನೇ ನೆಪ ಮಾಡಿಕೊಂಡು ಒಂದು ರಜೆಯ ದಿನ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ದೇವರಾಯಸಮುದ್ರದ ಕೆರೆ ತುಂಬಿ ನೀರು ರಸ್ತೆಯ ಪಕ್ಕಕ್ಕೇ ಬಂದಿತ್ತು. ಬಸ್ಸಿನ ಸದ್ದಿನಲ್ಲೂ ಮಡಿಲಿನ ಚೀಲದೊಳಗಿಂದ ಗಡಿಯಾರ ನನ್ನ ತೊಡೆಗೆ ಬಡಿಯುತ್ತಿರುವುದು ತಿಳಿಯುತ್ತಿತ್ತು.

ಕೋಲಾರದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಅಪ್ಪ ಅವರಲ್ಲೇ ಎಣ್ಣೆ ಹಾಕಿಸುತ್ತಿದ್ದರು. ಅಪ್ಪ ಹೋದ ಸುದ್ದಿ ಕೇಳಿ ಸಾಬರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಬೆನ್ನಿನ ಮುಚ್ಚಳ ತೆಗೆದು, ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ನೋಡಿದರು.

"ತಗಡಲ್ಲಿ ಇಟ್ಟಿದ್ರಾ ಟೀಚರಮ್ಮಾ? ಬೇಡ. ತಗಡು ಒಳಗೇ ಬೆವರುತ್ತೆ. ಮರದ್ದು ಮಾಡ್ಸಿ. ಗಂಧದ್ದು ಮಾತ್ರ ಬೇಡ. ಅದರ ಎಣ್ಣೆ ಗಾಳೀಲೇ ಹೋಗಿ ಒಳಗೆಲ್ಲಾ ಅಂಟಾಗುತ್ತೆ. ಕರ್ಪೂರನೂ ಹಾಕ್ಬೇಡಿ, ಅದೂ ಹಾಗೇ. ಚೆನ್ನಾಗಿ ಒಣಗಿರೋ ಹಳೇ ಮರ ನೋಡಿ."

"ಇದನ್ನ ನಿಲ್ಲಿಸೋಕೆ ಆಗುತ್ತಾ?" ಎಂದು ಕೇಳಿದೆ.

ಅವರು ದುರ್ಬೀನು ತೆಗೆದು ನನ್ನ ಕಡೆ ನೋಡಿದರು. "ಕೀ ಕೊಡೋದು ಬಿಟ್ರೆ ತಾನೇ ನಿಲ್ಲುತ್ತೆ. ಇವತ್ತು ಬೆಳಿಗ್ಗೆ ಕೊಟ್ಟಿದಾರಲ್ಲ, ಸ್ಪ್ರಿಂಗ್ ಹೆಚ್ಚುಕಡಿಮೆ ಪೂರ್ತಿ ಇದೆ. ಕೈ ನಿಮ್ಮ ತಂದೆಯವರದ್ದೇ ಥರ ಇದೆಯಮ್ಮಾ. ಅವರೂ ಇಷ್ಟಕ್ಕೇ ನಿಲ್ಲಿಸ್ತಾ ಇದ್ರು, ಎಳೆದು ಬಿಗೀತಾ ಇರ್ಲಿಲ್ಲ. ಯಾರು ಕೊಡ್ತಾ ಇರೋರು?"

ನಾನು ಗಡಿಯಾರಕ್ಕೆ ಕೈ ಚಾಚಿದೆ. ಬೇಕಾದರೆ ಗಡಿಯಾರ ತಮ್ಮಲ್ಲೇ ಇರಲಿ ಎಂದೂ ಅವರು ಹೇಳಿದರು. ಮನೆಗೆ ಬಂದು ಅಮ್ಮನಿಗೆ ಅದನ್ನು ತಿಳಿಸಿದರೆ ಅವಳು ಒಪ್ಪಲಿಲ್ಲ. "ಹೊರಗೆ ಕಳಿಸ್ಬೇಡ. ಮಳೇಲಿ ಎಲ್ಲಿಗೆ ಹೋಗ್ತಾರೆ?" ಅಂದಳು. ಹಾಗಂದದ್ದು ತನಗೇ ವಿಚಿತ್ರವಾಗಿ ಕೇಳಿಸಿತೋ ಏನೋ, ಒಳಗೆ ಹೋಗಿಬಿಟ್ಟಳು.

ನಮ್ಮ ಬೀದಿಯ ಬಡಗಿಯ ಹತ್ತಿರ ಹಳೆಯ ಹಲಸಿನ ಹಲಗೆ ಇತ್ತು. ಕೆಡವಿದ ಮನೆಯದು, ಎಷ್ಟೋ ವರ್ಷ ಒಣಗಿದ್ದು. ಅದರಲ್ಲಿ ಅಂಗೈ ಅಗಲದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದೆ. ಬೀಗದಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಇನ್ನು ಯಾರು ಮುಟ್ಟುತ್ತಾರೋ ನೋಡೋಣ ಅಂದುಕೊಂಡೆ.

ಆ ಪೆಟ್ಟಿಗೆಗೆ ಹಾಕಿದ ಮೇಲೆ ಗಡಿಯಾರದ ಸದ್ದು ಇಡೀ ಮನೆಗೆ ಕೇಳತೊಡಗಿತು. ತಗಡಿನಲ್ಲಿ ಚಿಟಚಿಟ ಎನ್ನುತ್ತಿದ್ದದ್ದು ಇಲ್ಲಿ ಗುಂಯ್ ಎಂದು ದುಂಡಗೆ, ತುಂಬಿಕೊಂಡು ಬರುತ್ತಿತ್ತು. ಒಲೆಯ ಮುಂದೆ ಕೂತರೂ ಕೇಳುತ್ತಿತ್ತು, ಹಿತ್ತಲಿನ ಬಾವಿಯ ಹತ್ತಿರ ಹೋದರೂ ಕೇಳುತ್ತಿತ್ತು. ಬಡಗಿಯನ್ನು ಕರೆಸಿದೆ. ಅವನು ಪೆಟ್ಟಿಗೆಗೆ ಕಿವಿಯಿಟ್ಟು ನಕ್ಕ. "ವೀಣೆ ಮಾಡೋದೂ ಹಲಸಿನಲ್ಲೇ ಅಲ್ವಾಮ್ಮಾ. ಅದು ಹಾಡೋ ಮರ. ನೀವು ಮೊದ್ಲೇ ಹೇಳ್ಬಾರ್ದಿತ್ತಾ?" ಅಂದ.

ಬೀಗ ಹಾಗೇ ಇತ್ತು, ಬೀಗದಕೈ ನನ್ನ ಕೊರಳಲ್ಲೇ ಇತ್ತು. ಆದರೂ ಗಡಿಯಾರ ನಿಲ್ಲಲಿಲ್ಲ. ಸಂಜೆ ಪಾಠದ ಪುಸ್ತಕ ತೆರೆದರೆ ಅಕ್ಷರಗಳೇ ಆ ತಾಳಕ್ಕೆ ನಡೆಯತೊಡಗುತ್ತಿದ್ದವು. ಅಮ್ಮ ಊಟ ಕಡಿಮೆ ಮಾಡಿದಳು. ಒಂದು ದಿನ ನನ್ನ ಎದುರಿಗೆ ಕೂತು ಕೈ ಹಿಡಿದುಕೊಂಡಳು.

"ಸದ್ದು ಬರ್ದೇ ಇರೋ ಥರದ್ದು ಯಾವುದಾದ್ರೂ ತಾರೇ. ಇಡೀ ದಿನ ಅವರ ಹಿಂದೆ ಹಿಂದೆ ನಡೆದ ಹಾಗಾಗುತ್ತೆ. ಕಾಲು ಸೋಲುತ್ತೆ ಕಣೇ," ಅಂದಳು.

ಮಾಲೂರಿನ ಆಚೆ ವಿಗ್ರಹ ಕೆತ್ತುವವರ ಊರಿದೆ. ಮಾಲೂರಿನಲ್ಲಿ ನನ್ನ ಚಿಕ್ಕಮ್ಮ ಇದ್ದಳು. ಅವಳನ್ನು ನೋಡಲು ಹೋದವಳು ಗಾಡಿ ಮಾಡಿಕೊಂಡು ಅಲ್ಲಿಗೂ ಹೋಗಿಬಂದೆ. ಬಳಪದ ಕಲ್ಲಿನಲ್ಲಿ ಪೆಟ್ಟಿಗೆ ಬೇಕೆಂದಾಗ ಶಿಲ್ಪಿ ಉಳಿ ಕೆಳಗಿಟ್ಟು ಕೇಳಿದ.

"ಒಳಗೆ ಏನಿಡ್ತೀರಮ್ಮಾ?"

"ಗಡಿಯಾರ."

"ಬಂಗಾರಾನೋ ಅಸ್ಥೀನೋ ಅಂದ್ಕೊಂಡೆ. ಕಲ್ಲಿನ ಪೆಟ್ಟಿಗೆ ಕೇಳೋರು ಅದಕ್ಕೇ ಕೇಳ್ತಾರೆ," ಅಂದ. ಕಲ್ಲು ತಣ್ಣಗಿರುತ್ತದೆ, ಒಳಗೆ ಬೂರುಗದ ಹತ್ತಿ ತುಂಬಿ ಎಂದೂ ಹೇಳಿದ.

ಅವನು ಕೆತ್ತಿಕೊಟ್ಟದ್ದು ಬೂದು ಬಣ್ಣದ, ದಪ್ಪ ಗೋಡೆಯ ಪೆಟ್ಟಿಗೆ. ಮುಚ್ಚಳವನ್ನು ಎರಡೂ ಕೈಯಿಂದ ಎತ್ತಬೇಕು. ಹತ್ತಿಯೊಳಗೆ ಗಡಿಯಾರ ಹುದುಗಿಸಿ ಮುಚ್ಚಳ ಎಳೆದಾಗ ಕರ್ ಎಂದು ಕಲ್ಲಿಗೆ ಕಲ್ಲು ಉಜ್ಜಿತು. ಆಮೇಲೆ ಏನೂ ಇಲ್ಲ. ಮನೆ ಮೌನವಾಯಿತು. ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀರುವಿಗೇ ಬೀಗ ಹಾಕಿ ಬೀಗದಕೈಯನ್ನು ಅದೇ ದಾರಕ್ಕೆ ಪೋಣಿಸಿಕೊಂಡೆ.

ಸದ್ದು ಬೇಡ ಎಂದವಳು ಅಮ್ಮನೇ. ಈಗ ಆ ಮೌನವನ್ನು ಅವಳಿಗೆ ತಡೆಯಲಾಗಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಕೂತುಬಿಡುವಳು. ಬಾಗಿಲಿನವರೆಗೆ ಹೋಗಿ ಬೀದಿ ನೋಡಿ ಬರುವಳು. "ನಿಂತುಬಿಟ್ಟಿದಾರೆ ಕಣೇ. ಎಲ್ಲೋ ಹತ್ರದಲ್ಲೇ ನಿಂತ್ಕೊಂಡು ನೋಡ್ತಾ ಇದಾರೆ," ಅಂದಳು. ಓಡಾಡುವವರಿಗಿಂತ ನಿಂತು ನೋಡುವವರದೇ ಹೆಚ್ಚು ಭಯ ಎಂದು ನನಗೂ ಆಗ ಗೊತ್ತಾಯಿತು. ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಆ ಗೋಡೆಯ ಕಡೆಗೆ ಬೆನ್ನು ಮಾಡಿ ಕೂರಲು ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದೆ. ಬೀಗದಕೈಯ ದಾರವನ್ನು ಎಂದಿನಂತೆ ಹೊರಗಿನ ಗೂಟಕ್ಕೆ ಹಾಕಿದ್ದೆ. ನೀರು ಹುಯ್ದುಕೊಂಡು ತಂಬಿಗೆ ಕೆಳಗಿಡುತ್ತಲೇ ಒಳಗಿನಿಂದ ಕರ್ ಎಂಬ ಸದ್ದು ಕೇಳಿತು. ಸೀರೆಯನ್ನು ಮೈಗೆ ಸುತ್ತಿಕೊಂಡು, ಒದ್ದೆ ಕಾಲಿನಲ್ಲೇ ನಡುಮನೆಯ ಬಾಗಿಲಿಗೆ ಬಂದು ನಿಂತೆ.

ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಹೆಂಗಸರು ಕೂರುವ ಹಾಗಲ್ಲ. ಒಂದು ಮೊಣಕಾಲು ಮೇಲೆತ್ತಿ, ಅಪ್ಪ ಕೂರುತ್ತಿದ್ದ ಹಾಗೆ. ಎಡಗೈಯಲ್ಲಿ ಗಡಿಯಾರ ಇತ್ತು. ಹೆಬ್ಬೆರಳು ಗುಂಡಿಯ ಮೇಲೆ ಆತುರವಿಲ್ಲದೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಕಣ್ಣು ತೆರೆದೇ ಇದ್ದವು, ನನ್ನ ಕಡೆಗೇ ಇದ್ದವು. ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೀ ಕೊಟ್ಟು ಮುಗಿಸಿ, ಮುಖದ ಮುಚ್ಚಳ ಎಗರಿಸಿ ಹೊತ್ತು ನೋಡಿ ತಲೆಯಾಡಿಸಿದಳು. ಕಿವಿಗೆ ಹಿಡಿದಳು. ಗಂಟಲಲ್ಲಿ ಸಣ್ಣಗೆ ಕೆಮ್ಮಿದಳು. ಆಮೇಲೆ, "ಬಂಡಿ ಒಚ್ಚಿಂದಾ?" ಅಂದಳು. ರೈಲು ಬಂತಾ ಎಂದು ಅಪ್ಪ ತೆಲುಗಿನಲ್ಲೇ ಕೇಳುತ್ತಿದ್ದದ್ದು, ಸ್ಟೇಷನ್ನಿನ ಆಳಿನ ಹತ್ತಿರ. ಅಮ್ಮ ಮನೆಯಲ್ಲಿ ಯಾವತ್ತೂ ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಧ್ವನಿ ಅಮ್ಮನದೇ. ಎಳೆದ ರೀತಿ ಮಾತ್ರ ಅವಳದಲ್ಲ.

ಅವಳು ಎದ್ದು ಗಡಿಯಾರವನ್ನು ಹತ್ತಿಯೊಳಗಿಟ್ಟಳು, ಮುಚ್ಚಳ ಎಳೆದಳು, ಬೀಗ ಹಾಕಿದಳು. ನನ್ನ ಪಕ್ಕದಲ್ಲೇ ಹಾದು ಹೋಗಿ ದಾರವನ್ನು ಗೂಟಕ್ಕೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅಡಿಗೆ ಮನೆಯಿಂದ ಪಾತ್ರೆಯ ಸದ್ದಾಯಿತು.

"ಸ್ನಾನ ಆಯ್ತೇನೇ? ಬಾ, ಕಾಫಿ ಆರಿಹೋಗುತ್ತೆ," ಎಂದು ಕೂಗಿದಳು. ಒಳಗೆ ಹೋಗಿ ನೋಡಿದರೆ ಅದು ನನ್ನ ಅಮ್ಮನೇ. "ಯಾಕೇ ಹೀಗೆ ನಡುಗ್ತಾ ಇದೀಯ? ತಲೆ ಒರೆಸ್ಕೋ," ಎಂದು ಬೈದಳು.

ಆ ದಿನ ಶಾಲೆಗೆ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಂತ್ರ ಹಾಕುವವರು, ಬೇವಿನ ಸೊಪ್ಪಿನವರು ಬರುತ್ತಿದ್ದರು, ಅಮ್ಮನನ್ನು ನಡುವೆ ಕೂರಿಸುತ್ತಿದ್ದರು. ಅದು ನನಗೆ ಬೇಡವಾಗಿತ್ತು. ಇಷ್ಟು ದಿನ ನಾನು ಹುಡುಕಿದ್ದೆಲ್ಲ ಗಡಿಯಾರವನ್ನು ಮುಚ್ಚಿಡುವ ವಸ್ತುವನ್ನು. ಅಮ್ಮನ ಆ ವಯಸ್ಸಿನ ಕೈ ದಿನಾ ಕಲ್ಲಿನ ಮುಚ್ಚಳ ಎತ್ತುತ್ತಿತ್ತು ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯತೊಡಗಿತು.

ಮತ್ತೆ ಬಡಗಿಯ ಹತ್ತಿರ ಹೋದೆ. ಹಳೆಯ ತೇಗ ಇತ್ತು, ವಾಸನೆ ಇಲ್ಲದ್ದು. ಅದರಲ್ಲಿ ಹಗುರವಾದ ಪೆಟ್ಟಿಗೆ, ಒಂದು ಬೆರಳಿಗೆ ಏಳುವ ಮುಚ್ಚಳ, ಬೀಗ ಬೇಡ ಎಂದೆ. ಒಳಗೆ ಅಪ್ಪನ ಹಳೆಯ ಕಂಬಳಿಯ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿದೆ. ಸದ್ದು ಆಗ ಮುಚ್ಚಿದ ಬಾಯಿಯೊಳಗಿನ ಮಾತಿನಷ್ಟು ಬರುತ್ತಿತ್ತು, ಹತ್ತಿರ ಹೋದವರಿಗೆ ಮಾತ್ರ. ಪೆಟ್ಟಿಗೆಯನ್ನು ನಡುಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವ ಹಾಗಿಟ್ಟೆ.

ಅಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. "ಇದಕ್ಕೆ ಕೀ ಕೊಡ್ತಾ ಇರೋರು ಯಾರೇ?" ಎಂದು ಮೊದಲ ಸಲ ಕೇಳಿದಳು.

"ನಾನೇ ಅಮ್ಮಾ," ಅಂದೆ.

ಅವಳ ಭುಜ ಕೆಳಗಿಳಿಯಿತು. ದೊಡ್ಡ ಉಸಿರು ಬಿಟ್ಟಳು. "ಮೊದ್ಲೇ ಹೇಳ್ಬಾರ್ದಾ ಮುಂಡೇದೇ! ನಾನು ಏನೇನೋ ಅಂದ್ಕೊಂಡು ಸಾಯ್ತಾ ಇದ್ದೆ," ಎಂದು ನಕ್ಕಳು. ಆಮೇಲೆ, "ನಂಗೂ ಹೇಳ್ಕೊಡು. ನೀನು ಶಾಲೆಗೆ ಓಡೋ ಗಡಿಬಿಡೀಲಿ ಇದೊಂದು ಯಾಕೆ? ನಾನೇ ಕೊಡ್ತೀನಿ," ಅಂದಳು.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಅವಳ ಹೆಬ್ಬೆರಳು ಗುಂಡಿಯ ಮೇಲೆ ನಿಲ್ಲಲೇ ಇಲ್ಲ. ಜಾರಿತು, ತಪ್ಪು ಕಡೆಗೆ ತಿರುಗಿತು. ಗಡಿಯಾರವನ್ನು ಬಲಗೈಯಲ್ಲಿ ಹಿಡಿದಳು, ಎಡಗೈಗೆ ಬದಲಾಯಿಸಿದಳು, ತಲೆಕೆಳಗಾಗಿ ಹಿಡಿದು ಹೊತ್ತೆಷ್ಟು ಎಂದು ನನ್ನನ್ನೇ ಕೇಳಿದಳು. ಚಿಕ್ಕ ಮುಳ್ಳು ಯಾವುದು ದೊಡ್ಡ ಮುಳ್ಳು ಯಾವುದು ಎಂಬುದು ಅವಳಿಗೆ ಹತ್ತಲೇ ಇಲ್ಲ. ನಾನು ಆ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಮೊನ್ನೆ ಅಷ್ಟು ಸಲೀಸಾಗಿ ಆಡಿದ ಬೆರಳುಗಳು ಇವೇನಾ?

ಆಮೇಲೆ ಎಷ್ಟೋ ಬೆಳಿಗ್ಗೆ ಸ್ನಾನ ಅರ್ಧಕ್ಕೇ ಬಿಟ್ಟು ಬಂದು ಬಾಗಿಲ ಮರೆಯಿಂದ ನೋಡಿದೆ. ಅಪ್ಪನ ಹಾಗೆ ಕೂತವಳು ಮತ್ತೆ ಕಾಣಲಿಲ್ಲ. ಕಾಲು ಮಡಿಚಿಕೊಂಡು, ನಾಲಿಗೆ ಕಚ್ಚಿಕೊಂಡು, ಗುಂಡಿಯನ್ನು ಹಿಂಸೆ ಮಾಡುವ ನನ್ನ ಅಮ್ಮ ಮಾತ್ರ ಕಾಣುತ್ತಿದ್ದಳು. ಊಟ ಸರಿಹೋಯಿತು. ಬೀದಿ ನೋಡುವುದು ನಿಂತಿತು.

ಯುಗಾದಿಗೆ ಸ್ವಲ್ಪ ಮುಂಚೆ ಒಂದು ದಿನ ಅವಳ ಕೈಯಲ್ಲೇ ಗಡಿಯಾರ ಟಪ್ ಎಂದಿತು. ಬಿಗಿಯಾಗಿ ತಿರುಗಿಸಿ ಸ್ಪ್ರಿಂಗ್ ಮುರಿದಿದ್ದಳು. ಮುಖ ಸಪ್ಪಗೆ ಮಾಡಿಕೊಂಡು ನನ್ನ ಹತ್ತಿರ ತಂದಳು.

"ಕೋಲಾರದ ಸಾಬರು ಹೊಸ ಸ್ಪ್ರಿಂಗ್ ಹಾಕಿಕೊಡ್ತಾರಮ್ಮಾ," ಅಂದೆ.

ಅವಳು ಅದನ್ನು ಕಿವಿಗೆ ಹಿಡಿದು ಕೇಳಿದಳು. ಆಮೇಲೆ ಸೆರಗಿನಿಂದ ಬೆಳ್ಳಿಯನ್ನು ಒರೆಸಿ ಪೆಟ್ಟಿಗೆಯೊಳಗೆ ಮಲಗಿಸಿದಳು. "ಬೇಡ ಬಿಡು. ಎಷ್ಟು ವರ್ಷ ಹೊತ್ತಿಗೆ ಸರಿಯಾಗಿ ಎದ್ರು. ಇನ್ನು ಮಲಗ್ಲಿ," ಎಂದು ಮುಚ್ಚಳ ಹಾಕಿದಳು. ಹುರುಳಿ ಬೇಯಲು ಇಟ್ಟಿದ್ದು ನೆನಪಾಗಿ ಅಡಿಗೆ ಮನೆಗೆ ಓಡಿದಳು.