ರಾಜಿ ಆಗೇದ್ರೀ

ಹಳ್ಳಿಯ ಜಗಳಗಳು ಹೇಗೆ ತಣ್ಣಗಾಗುತ್ತವೆ, ಆ ಮಾತುಕತೆಯಲ್ಲಿ ಪೆಟ್ಟು ತಿಂದವರಿಗೂ ಜಾಗ ಸಿಗುತ್ತದೆಯೇ ಎಂದು ಹೊರದೇಶದ ವಿದ್ವಾಂಸರು ಅಧ್ಯಯನ ಮಾಡುತ್ತಿದ್ದರು. ದೇವದುರ್ಗ, ಮಾನ್ವಿ ಕಡೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರವನ್ನು ಇಂಗ್ಲಿಷಿಗೆ ತಿರುಗಿಸುವುದು ನನ್ನ ಕೆಲಸ. ಊರೂರಿನ ಜಗಳ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

ದೇವದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ದಲಿತ ಕೇರಿಯ ಹೆಂಗಸೊಬ್ಬಳು ಸಿಕ್ಕಳು. ಮೇಲಿನ ಓಣಿಯ ನಳಕ್ಕೆ ಕೊಡ ಇಟ್ಟಳೆಂದು ಆಕೆಯ ಕೈ ಮುರಿದಿದ್ದರು. ಈಗ ಆ ಜಗಳ ಎಲ್ಲಿಗೆ ಬಂತು ಎಂದು ಕೇಳಿದೆ.

"ರಾಜಿ ಆಗೇದ್ರೀ. ರಾಯಚೂರಾಗ ಮೀಟಿಂಗ್ ಅದ ಅಂದ್ರಲ್ರೀ, ನನ್ನೂ ಕರೀತೀರೇನು? ನಾನೂ ಒಂದೀಟು ಮಾತಾಡ್ತೀನಿ."

"ಕರೀತೀವ್ರೀ ಯಕ್ಕಾ," ಎಂದೆ.

ನಮ್ಮ ಮನೆಯ ಮಾತು ದಖನಿ ಉರ್ದು. ಅದರಲ್ಲಿ ರಾಜಿ ಎಂದರೆ ಮನಸಾರೆ ಒಪ್ಪಿರುವುದು. ನಿಕಾಹ್‌ಗೆ ಮೊದಲು ಹುಡುಗಿಯನ್ನು ಕೇಳುವುದೂ ಅದನ್ನೇ. 'ಪೆಟ್ಟು ತಿಂದವಳ ಪೂರ್ಣ ಒಪ್ಪಿಗೆಯಿಂದ ಶಾಂತಿ' ಎಂದು ಬರೆದೆ. ಮಾತು ಒಂದೇ, ಅರ್ಥ ಎರಡು ಎಂದು ಈಗ ಸಬೂಬು ಹೇಳಬಹುದು. ಕುಣಿಯಲಾರದವಳಿಗೆ ನೆಲ ಡೊಂಕು. ಹೇಗೆ ರಾಜಿಯಾಯಿತು ಎಂದು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು.

ನನ್ನ ಬರಹ ವಿದ್ವಾಂಸರಿಗೆ ಬಹಳ ಹಿಡಿಸಿತು. ಊರಿಗೊಬ್ಬರನ್ನು ರಾಯಚೂರಿನ ಸಭೆಗೆ ಕರೆಯುವುದಿತ್ತು. ರಾಜಿ ಮಾಡಿಸಿದ ಹಿರಿಯನನ್ನೇ ಕರೆದರು. ಆತ ಮಾತಾಡಿದ, ನಾನು ಪಕ್ಕದಲ್ಲಿ ಮೈಕ್ ಹಿಡಿದು ಇಂಗ್ಲಿಷಿಗೆ ತಿರುಗಿಸಿದೆ.

"ಆಕಿನ್ನ ಏನ್ ಕೇಳೂದ್ರೀ? ನಾವು ಹಿರ್ಯಾರು ನಾಕ್ ಮಂದಿ ಕುಂತು ರಾಜಿ ಮಾಡಿದ್ವಿ. ಕೇಸ್ ವಾಪಸ್ ತಗೋ ಅಂತ ಹೇಳಿ ಕಳಿಸಿದ್ವಿ. ತಗೊಂಡ್ಳು."

ನಾನು ಬರೆದದ್ದು ತಪ್ಪೆಂದು ಆಗ ತಿಳಿಯಿತು. ಎದುರಿಗೆ ಎಲ್ಲರೂ ಪೆನ್ನು ಹಿಡಿದು ಕಾಯುತ್ತಿದ್ದರು. ಹಿರಿಯರು ಕೂತು ಮಾತಾಡಿದರು, ಆಕೆ ಒಪ್ಪಿ ದೂರು ಹಿಂದಕ್ಕೆ ಪಡೆದಳು ಎಂದೆ. ಚಪ್ಪಾಳೆ ಬಿತ್ತು. ನನಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಊಟಕ್ಕೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಹಾಗೆ ಉಂಡದ್ದು ನೆನೆದರೆ ಈಗ ನನ್ನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ.

ವಾರದ ಮೇಲೆ, ಉತ್ತರದ ಹಾಳೆಯಲ್ಲಿ ಬಾಕಿ ಉಳಿದಿದ್ದ ಒಂದು ಸಹಿಗಾಗಿ ಆಕೆಯ ಮನೆಗೆ ಹೋದೆ. ನೆಟ್ಟಗಾಗದ ಕೈಯಲ್ಲೇ ಚಾ ತಂದುಕೊಟ್ಟಳು. ಯಾಕೆ ಕರೆಯಲಿಲ್ಲ ಎಂದು ಕೇಳಲಿಲ್ಲ.

"ನನ್ನ ಕೈ ಮುರದದ್ದು ಅಲ್ಲಿ ಯಾರರ ಹೇಳಿದ್ರೇನ್ರೀ?"

"ಇಲ್ರೀ ಯಕ್ಕಾ. ನಿಮ್ಮೂರ ಹಿರ್ಯಾರು ಹೇಳ್ಲಿಲ್ಲ," ಎಂದೆ.

ಮೈಕು ನನ್ನ ಕೈಯಲ್ಲಿತ್ತು ಎಂದು ಮಾತ್ರ ಹೇಳಲಿಲ್ಲ.