ಹನ್ನೊಂದರ ಪೆಟ್ಟು

ದೊಡ್ಡ ವೇದಿಕೆಗಳಲ್ಲಿ ನುಡಿಸುವ ಹೊರಗಿನ ಊರಿನ ಡ್ರಮ್ಮರ್ ಒಬ್ಬ ಸಂದರ್ಶನದಲ್ಲಿ ನನ್ನ ಬಗ್ಗೆ ಮಾತಾಡಿದ್ದಾನೆಂದು ಗೊತ್ತಾದಾಗ ನಾನು ಹಾಸನದ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ವಿಡಿಯೋ ಕಳಿಸಿದ್ದಳು. "ನಮಗೆಲ್ಲ ಆ ಹನ್ನೊಂದರ ಪೆಟ್ಟು ಕಲಿಸಿದ್ದು ಹಾಸನದ ಆ ಮನುಷ್ಯ" ಎಂದು ಅವನು ಹೇಳುತ್ತಿದ್ದ. ಖುಷಿಯಾಗಬೇಕಿತ್ತು. ಯಾಕೋ ಇರುಸುಮುರುಸಾಯಿತು.

ನಾನು ಪ್ರೋಗ್ರೆಸಿವ್ ರಾಕ್ ನುಡಿಸುತ್ತಿದ್ದವನು. ಹಾಗಂದರೇನು ಎಂದು ದುದ್ದದ ಚಿಕ್ಕಪ್ಪ ಕೇಳಿದಾಗ, ಉದ್ದನೆಯ ಹಾಡು, ನಡುನಡುವೆ ತಾಳ ಬದಲಾಗುತ್ತದೆ ಎಂದಿದ್ದೆ. "ಅಂಗಾದ್ರೆ ಜನ ಕುಣಿಯೋದು ಎಂಗ್ಲಾ?" ಎಂದಿದ್ದರು. ಕುಣಿಯುತ್ತಿರಲಿಲ್ಲ ಎನ್ನುವುದು ನಿಜ. ಕಾಲೇಜಿನಲ್ಲಿ ಗಿಟಾರಿನ ಗೆಳೆಯನ ಜೊತೆ ಶುರು ಮಾಡಿದ ತಂಡ ಬೆಂಗಳೂರಿನಲ್ಲಿ ಕೆಲವು ವರ್ಷ ನಡೆಯಿತು. ಒಂದು ಆಲ್ಬಂ ಬಂತು. ಹಾಡುವವನ ಗಂಟಲು ಕೆಟ್ಟ ಮೇಲೆ ಎಲ್ಲ ನಿಂತುಹೋಯಿತು. ನಾನು ಹಾಸನಕ್ಕೆ ವಾಪಸು ಬಂದು, ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಡ್ರಮ್ಸ್ ಕ್ಲಾಸ್ ಇಟ್ಟುಕೊಂಡೆ.

ಆಲ್ಬಂನ ಕೊನೆಯ ಹಾಡಿನಲ್ಲಿ ಆ ಪೆಟ್ಟಿದೆ. ನಾಲ್ಕು, ನಾಲ್ಕು, ಆಮೇಲೆ ಮೂರು. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಕೊನೆಯಲ್ಲೊಂದು ಕಡಿಮೆ. ಅದು ನನ್ನದಲ್ಲ ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತಿದ್ದೆ. ಕಾಲೇಜಿನ ದಿನಗಳಲ್ಲೊಮ್ಮೆ ಹೊಳೆನರಸೀಪುರದ ಸೇತುವೆಯ ಹತ್ತಿರ ನಮ್ಮ ಬಸ್ಸು ನಿಂತಿತ್ತು. ಎದುರಿನ ಮೆರವಣಿಗೆಯಲ್ಲಿ ಅರಕಲಗೂಡಿನ ತಮಟೆ ತಂಡ ಅದನ್ನೇ ಬಡಿಯುತ್ತಿತ್ತು. ಕಿಟಕಿಯ ಕಂಬಿಯ ಮೇಲೆ ಬೆರಳಾಡಿಸುತ್ತ ನಾನು ಅದನ್ನು ಮನೆಯವರೆಗೂ ತಂದೆ. ಆಗ ತೊಡೆಯ ಮೇಲೆ ಕಾಲೇಜಿನ ಬ್ಯಾಗಿತ್ತು. ನೆನಪು ಅಷ್ಟು ಸ್ಪಷ್ಟ.

ಹೊಗಳಿಕೆ ಸೇರಬೇಕಾದವರಿಗೆ ಸೇರಲಿ ಎಂದು ಆ ತಂಡವನ್ನು ಹುಡುಕಿದೆ. ಅದನ್ನು ನಡೆಸುತ್ತಿದ್ದವರು ತೀರಿಕೊಂಡಿದ್ದರು. ಅವರ ತಮ್ಮ ಅರಕಲಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು, ಈಗ ತಂಡ ಅವರದೇ. ಒಂದು ಭಾನುವಾರ ಹೋದೆ. ಹಾಲಿನಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಸಾಲಾಗಿ ತಮಟೆಗಳು.

"ಸಾವಿಗೆ ಬಡಿಯೋದು ಬಿಟ್ಟು ಬಾಳ ಕಾಲ ಆಯ್ತು ಸಾ. ಈಗ ಸ್ಟೇಜಿಗೆ ಮಾತ್ರ," ಎಂದರು.

ನಾನು ಫೋನಿನಲ್ಲಿ ಹಾಡು ಹಾಕಿದೆ. ಅವರು ಸೋಫಾದ ತೋಳಿನ ಮೇಲೆ ತಾಳ ಹಾಕಿದರು. ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ನಕ್ಕರು.

"ಇದು ನಮ್ದಲ್ಲ ಸಾ, ನಿಮ್ದು."

"ನನ್ನದಾ?"

"ನಮ್ಮಣ್ಣ ಆಸನದ ಕಾಲೇಜು ಗ್ರೌಂಡಿಗೆ ಶಾಮಿಯಾನ ಆಕಕ್ಕೆ ಓಗಿದ್ದ. ಅಲ್ಲಿ ಯಾರೋ ಉದ್ದಕೂದ್ಲವ್ನು ಡ್ರಮ್ಸಲ್ಲಿ ಇದನ್ನ ಬಾರಿಸ್ತಿದ್ನಂತೆ. ಮನೇಗ್ ಬಂದು ಊಟಾನೂ ಮಾಡ್ದೆ ತಟ್ಟೆ ಮ್ಯಾಲೆ ಅದೇ ಬಡೀತಾ ಕುಂತಿದ್ದ. ಆಮ್ಯಾಲೆ ನಮ್ಗೆಲ್ಲ ಕಲಿಸ್ದ. ಒಳೆನರಸೀಪುರದ ಮೆರವಣಿಗೆ ಅದಾದ್ಮೇಲೆ. ನಾನೂ ಇದ್ನಲ್ಲ."

ಕಾಲೇಜಿನಲ್ಲಿ ನನಗೆ ಉದ್ದ ಕೂದಲಿತ್ತು. ಆ ಗ್ರೌಂಡಿನಲ್ಲಿ ನುಡಿಸಿದ್ದೂ ಹೌದು. ಆದರೆ ಬಸ್ಸು ಮೊದಲು, ಗ್ರೌಂಡು ಆಮೇಲೆ. ಅಲ್ಲವೇ? ಮೇಷ್ಟ್ರು ಕೊಟ್ಟ ಕಾಫಿ ಕುಡಿಯುತ್ತ ಎರಡನ್ನೂ ಹಿಂದುಮುಂದು ಮಾಡಿ ನೋಡಿದೆ. ಹೇಗಿಟ್ಟರೂ ನಿಜವೆನಿಸಿತು.

ಸೀದಾ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಗಿಟಾರಿನ ಗೆಳೆಯ ಅಲ್ಲಿ ತೆಂಗಿನ ನಾರಿನ ಕಾರ್ಖಾನೆ ಇಟ್ಟಿದ್ದಾನೆ. ಮೈಯೆಲ್ಲ ನಾರಿನ ಧೂಳು ಮಾಡಿಕೊಂಡು ನನ್ನ ಕಥೆ ಪೂರಾ ಕೇಳಿದ.

"ಬಸ್ಸೂ ಇಲ್ಲ, ತಮಟೇನೂ ಇಲ್ಲ ಕಣ್ಲಾ. ಫಸ್ಟ್ ಇಯರಲ್ಲೇ ಡೆಸ್ಕ್ ಮ್ಯಾಲೆ ಇದನ್ನ ಬಡಿದು ನೀನು ಲೆಕ್ಚರರ್ ಅತ್ರ ಬೈಸ್ಕೊಂಡಿದ್ದೆ."

"ಬ್ಯಾಗು ತೊಡೆ ಮೇಲಿದ್ದದ್ದೂ ನನಗೆ ನೆನಪಿದೆಯಲ್ಲ."

"ಸ್ಟೇಜಲ್ಲಿ ಆ ಕತೆ ಅಷ್ಟು ಸಲ ಏಳಿದ್ದೀಯ. ನಂಗೂ ಆ ಬಸ್ಸಲ್ಲಿ ನಾನೇ ಇದ್ದಂಗೆ ಅನ್ಸುತ್ತೆ."

ಆಮೇಲಿನ ದಿನಗಳಲ್ಲಿ ಕೈ ಎಡವತೊಡಗಿತು. ಎಷ್ಟೋ ವರ್ಷ ಯೋಚಿಸದೆ ನುಡಿಸಿದ್ದನ್ನು ನುಡಿಸಲು ಕುಳಿತರೆ, ಇದು ಯಾರ ಕೈ ಎನ್ನುವ ಪ್ರಶ್ನೆ ಮೊದಲು ಬರುತ್ತಿತ್ತು. ಒಮ್ಮೆ ಕ್ಲಾಸಿನಲ್ಲೇ ಎಣಿಕೆ ತಪ್ಪಿದೆ. ಕುಡಿಯುವ ನೀರು ತರಲೆಂದು ಎದ್ದು ಹೋದೆ.

ಅಷ್ಟರಲ್ಲಿ ಮೇಷ್ಟ್ರ ಫೋನು ಬಂತು. "ನಮ್ಮೂರಲ್ಲಿ ಪ್ರೋಗ್ರಾಮೈತೆ, ಡ್ರಮ್ಸ್ ತಕೊಂಡ್ ಬನ್ನಿ ಸಾ." ಹೋದೆ. ಒಟ್ಟಿಗೆ ಶುರುಮಾಡಿದೆವು. ಸ್ವಲ್ಪ ಹೊತ್ತಿಗೇ ಗೊತ್ತಾಯಿತು, ನಾನು ಒಂದು ಕಡೆ ಒತ್ತು ಕೊಟ್ಟರೆ ಅವರು ಇನ್ನೊಂದು ಕಡೆ. ಅವರದು ಮೂರು, ನಾಲ್ಕು, ನಾಲ್ಕು. ಹನ್ನೊಂದು ಅದೇ, ಹೊರಡುವ ಜಾಗ ಬೇರೆ. ನಾನು ಅವರ ದಾರಿಗೆ ಬರಲು ನೋಡಿದೆ. ಅದೇ ಹೊತ್ತಿಗೆ ಅವರು ನನ್ನ ದಾರಿಗೆ ಬಂದುಬಿಟ್ಟರು. ಮೇಷ್ಟ್ರು, ನಿಮ್ಮ ಪಾಡಿಗೆ ನೀವು ನುಡಿಸಿ ಎನ್ನುವಂತೆ ಗದ್ದ ಎತ್ತಿದರು. ಹಾಗೇ ನುಡಿಸಿದೆ. ಎರಡೂ ಒಂದರ ಮೇಲೊಂದು ಬಿದ್ದು, ಎಲ್ಲಿ ಮುಗಿಸಬೇಕೆಂದು ಯಾರಿಗೂ ತಿಳಿಯದೆ, ಬಹಳ ಹೊತ್ತು ನಡೆಯಿತು.

ಆ ಹೊರಗಿನ ಡ್ರಮ್ಮರ್ ಈಚೆಗೆ ತಾನೇ ಫೋನು ಮಾಡಿದ್ದ. ಹೊಸ ಆಲ್ಬಂನಲ್ಲಿ ಆ ಪೆಟ್ಟು ಬಳಸಿಕೊಂಡಿದ್ದಾನಂತೆ, ಯಾರದು ಎಂದು ಹಾಕಲಿ ಎಂದು ಕೇಳಿದ. ನಡೆದದ್ದನ್ನೆಲ್ಲ ಹೇಳಿ, ನನಗೆ ಗೊತ್ತಿಲ್ಲ ಎಂದೆ. ಅವನು ಮೇಷ್ಟ್ರ ತೀರಿಹೋದ ಅಣ್ಣನ ಹೆಸರು ಮೊದಲು, ನನ್ನದು ಆಮೇಲೆ ಹಾಕಿದ.

ಅದನ್ನು ನೋಡಿ ಮೇಷ್ಟ್ರು ಕೇಳಿದರು: "ಅಣ್ಣನ ಎಸ್ರು ಮೊದ್ಲು ಆಕವ್ರಲ್ಲ ಸಾ, ಅದು ಸರೀನಾ?"

ಸರಿ ಎಂದೆ. ಅವರು "ನಂಗೇನೋ ಡೌಟು," ಎಂದರು. ನನಗೂ ಅನುಮಾನವೇ.